ಇನ್ನೊಬ್ಬರ ನೋವಿಗೆ "ತಾಳ್ಕೋ" ಅನ್ನಬಹುದಾ?



ಯೌವನಸ್ಥರೇ, ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಕಳೆದ ವರ್ಷ ಇಲ್ಲೇ ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಮನೆಯಲ್ಲಿ ಅಮ್ಮನ ಕಾಲಿನ ಮೇಲೆ ಕುದಿಯೋ ನೀರು ಚೆಲ್ಲಿತು. ಆಸ್ಪತ್ರೆಯಿಂದ ಬಂದ ಮೇಲೆ ಡ್ರೆಸ್ಸಿಂಗ್ ಮಾಡೋಕೆ ಒಬ್ಬ ಸಿಸ್ಟರ್ ಮನೆಗೇ ಬರ್ತಿದ್ದರು. ಹಳೇ ಬಟ್ಟೆ ಬಿಚ್ಚುವಾಗ ಅಮ್ಮ ಹಲ್ಲು ಕಚ್ಚಿಕೊಳ್ಳೋರು. ನಾನು ಪಕ್ಕದಲ್ಲಿ ನಿಂತು, "ಸ್ತೋತ್ರ ಹೇಳಮ್ಮ, ಕರ್ತನು ಇದಕ್ಕಿಂತ ಹೆಚ್ಚು ತಾಳಿದ್ದಾನೆ" ಅಂತಿದ್ದೆ.

ಮೂರನೇ ಸಲ ಸಿಸ್ಟರ್ ಕೇಳಿದರು: "ಅಮ್ಮ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ?" ಅಮ್ಮ ನನ್ನ ಮುಖ ನೋಡಿ "ಎರಡು" ಅಂದರು. ಸಿಸ್ಟರ್ ನನ್ನನ್ನು ನೀರು ತರೋಕೆ ಕಳಿಸಿದರು. ಅಡುಗೆಮನೆಯಲ್ಲಿ ಅಮ್ಮನ ಧ್ವನಿ ಕೇಳಿಸ್ತು: "ಎಂಟಿದೆ ಕಣಮ್ಮ. ನನ್ನ ಮಗನಿಗೆ ಹೇಳಬೇಡ, ನನಗೆ ವಿಶ್ವಾಸ ಕಡಿಮೆ ಅಂದ್ಕೋತಾನೆ." ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯ ಸ್ಟ್ರಿಪ್ ಒಡೆಯದೇ ಹಾಗೇ ಇತ್ತು.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋವು ತಾಳಿಕೊಳ್ಳೋದು ಭಕ್ತಿ ಅಂತ ಅವರಿಗೆ ಕಲಿಸಿದವನು ನಾನೇ.

ನೀವು ಕೇಳಬಹುದು: "ಪಾಸ್ಟರ್, ಶಿಲುಬೆಯ ಹತ್ತಿರ ಯೇಸು ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಬೇಡ ಅಂದನಲ್ಲಾ?" ಹೌದು, ಮಾರ್ಕ 15ರಲ್ಲಿ ಇದೆ. ಆದರೆ ಅವನು ಬೇಡ ಅಂದದ್ದು ತನಗೆ. ಬೇರೆಯವರಿಗೆ ಯಾವತ್ತೂ "ತಾಳ್ಕೋ" ಅಂದು ಕಳಿಸಲಿಲ್ಲ. ಲೂಕ 10ರಲ್ಲಿ ಅವನೇ ಹೇಳಿದ ಸಾಮ್ಯದಲ್ಲಿ, ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುತ್ತಾನೆ. ಬಿದ್ದವನ ವಿಶ್ವಾಸ ಎಷ್ಟು ಅಂತ ಕೇಳಲ್ಲ. ನನ್ನ ನೋವನ್ನು ತಾಳೋ ತೀರ್ಮಾನ ನನ್ನದು. ಇನ್ನೊಬ್ಬರ ನೋವಿನ ಮೇಲೆ ಆ ತೀರ್ಮಾನ ಹೇರೋ ಅಧಿಕಾರ ನನಗಿಲ್ಲ.

"ಹಾಗಾದ್ರೆ ಪ್ರಾರ್ಥನೆಯಿಂದ ಗುಣ ಆಗಲ್ವಾ?" ಆಗುತ್ತೆ. ಆದರೆ ಹಿಜ್ಕೀಯನನ್ನು ನೋಡಿ. ದೇವರು ಹದಿನೈದು ವರ್ಷ ಆಯುಷ್ಯ ಕೊಡ್ತೀನಿ ಅಂತ ಮಾತು ಕೊಟ್ಟಿದ್ದಾನೆ. ಆದರೂ ಯೆಶಾಯನು ಅಂಜೂರದ ಉಂಡೆಯನ್ನು ಹುಣ್ಣಿನ ಮೇಲೆ ಇಡಿಸುತ್ತಾನೆ. ವಾಗ್ದಾನವೂ ಇದೆ, ಪಟ್ಟಿಯೂ ಇದೆ. ಒಂದು ಇನ್ನೊಂದಕ್ಕೆ ಅಡ್ಡಿ ಬರಲಿಲ್ಲ.

ಮಾರನೇ ಸಲ ಸಿಸ್ಟರ್ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ನೋವು ಹೆಚ್ಚಿದ್ದರೆ ದೇಹ ಬಿಗಿಯಾಗುತ್ತೆ, ರಕ್ತನಾಳ ಕುಗ್ಗಿ ಗಾಯಕ್ಕೆ ರಕ್ತ ಕಡಿಮೆ ಹೋಗುತ್ತೆ. ನಿದ್ದೆ ಇರಲ್ಲ, ಊಟ ಸೇರಲ್ಲ, ನಡೆದಾಡೋಕೆ ಭಯ. ಗಾಯ ಮಾಯೋದೂ ನಿಧಾನವಾಗುತ್ತೆ. ಅದಕ್ಕೇ ಡಾಕ್ಟರ್ ಹೇಳಿದ ಮಾತ್ರೆಯನ್ನು ಡ್ರೆಸ್ಸಿಂಗ್‌ಗೆ ಮೊದಲೇ, ಅದು ಕೆಲಸ ಶುರು ಮಾಡುವಷ್ಟು ಹೊತ್ತು ಬಿಟ್ಟು ಕೊಡಬೇಕು. ಅಂಟಿಕೊಂಡ ಬಟ್ಟೆಯನ್ನು ಎಳೆಯಬಾರದು, ಸಲೈನ್‌ನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು. ಎಳೆದರೆ ಹೊಸದಾಗಿ ಬೆಳೆದ ಚರ್ಮವೂ ಕಿತ್ತು ಬರುತ್ತೆ.

ಸಿಸಿಲಿ ಸಾಂಡರ್ಸ್ ಅನ್ನೋ ಸಹೋದರಿ ಮೊದಲು ನರ್ಸ್, ಆಮೇಲೆ ಡಾಕ್ಟರ್ ಆದವರು. ಕ್ರಿಸ್ತನನ್ನು ನಂಬಿದವರು. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ತಿರುಗಿ ಬರೋವರೆಗೂ ಕಾಯದೆ ಹೊತ್ತಿಗೆ ಸರಿಯಾಗಿ ಔಷಧಿ ಕೊಡಬೇಕು ಅಂದರು. ದೇಹದ ನೋವಿನ ಜೊತೆ ಭಯ, ಒಂಟಿತನ, ಆತ್ಮದ ಸಂಕಟ ಎಲ್ಲಾ ಸೇರಿರುತ್ತೆ ಅಂತ ತೋರಿಸಿದರು. ನಮ್ಮ ಬೆಂಗಳೂರಲ್ಲೇ ಮಾರತ್‌ಹಳ್ಳಿ ಕಡೆ ಕರುಣಾಶ್ರಯ ಇದೆ. 1999ರಿಂದ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ತಿದ್ದಾರೆ. ಮತ್ತೆ ಮಾಯದ ಗಾಯವನ್ನೂ ದಿನಾ ತೊಳೆದು ಕಟ್ಟೋದೇ ಇಂಥಾ ಸೇವೆ.

ಅಮ್ಮನ ಎಂಟರಲ್ಲಿ ಎಷ್ಟು ಸುಟ್ಟಗಾಯದ್ದು, ಎಷ್ಟು ನನ್ನ ಮಾತಿನದ್ದು? ನನಗೆ ಗೊತ್ತಿಲ್ಲ. ನಾನು ಕ್ಷಮೆ ಕೇಳಿದೆ. ಅಮ್ಮ "ಬಿಡಪ್ಪಾ" ಅಂದರು. ಮುಂದಿನ ಸಲ ಮಾತ್ರೆ ನಾನೇ ಕೊಟ್ಟೆ. ಸಿಸ್ಟರ್ ಕೇಳಿದಾಗ ಅಮ್ಮ ನನ್ನ ಮುಖ ನೋಡದೆ "ನಾಲ್ಕು" ಅಂದರು.

ನಿಮ್ಮಲ್ಲಿ ಕೆಲವರು ನರ್ಸಿಂಗ್ ಓದ್ತಿದ್ದೀರಿ, ಕೆಲವರು ಪಿಜಿಯಲ್ಲಿದ್ದು ಊರಲ್ಲಿರೋ ಅಪ್ಪ ಅಮ್ಮನಿಗೆ ಫೋನ್ ಮಾಡ್ತೀರಿ. ಅವರು "ನೋವಿದೆ" ಅಂದರೆ ಮೊದಲು ನಂಬಿ. ಎಷ್ಟಿದೆ ಅಂತ ಕೇಳಿ, ಮಾತ್ರೆ ತಗೊಂಡ್ರಾ ಅಂತ ಕೇಳಿ. ಆಮೇಲೆ ಜೊತೆಗೆ ಪ್ರಾರ್ಥನೆ ಮಾಡಿ.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ಮುಂದೆ ನೋವು ಬಚ್ಚಿಡುತ್ತಿರುವವರು ಯಾರೆಂದು ನಮಗೆ ತೋರಿಸು. ಆಮೆನ್.