ಕರತಾಡನದ ಹೊಣೆ

ಆಟದ ಬಯಲಿನಲ್ಲಿ ಅಸಾಧಾರಣನೆನಿಸಿಕೊಂಡ ಆಟಗಾರನೊಬ್ಬನ ಹೆಸರು ಬಯಲಿನಾಚೆಯ ಕೃತ್ಯವೊಂದಕ್ಕಾಗಿ ಪೊಲೀಸರ ದಫ್ತರದಲ್ಲಿಯೋ ನ್ಯಾಯಾಲಯದ ಕಡತದಲ್ಲಿಯೋ ಕಾಣಿಸಿಕೊಂಡಾಗ, ಅವನನ್ನು ವರ್ಷಾನುಗಟ್ಟಲೆ ಮೆಚ್ಚಿಕೊಂಡು ಬಂದ ಜನಸಾಮಾನ್ಯರ ಅಂತಃಕರಣದಲ್ಲಿ ನಡೆಯುವ ವ್ಯಾಪಾರವು ನೀತಿಯ ವಿಷಯವಾಗಿ ಚಿಂತಿಸುವವರಿಗೆಲ್ಲ ಪರಿಶೀಲನಾರ್ಹವಾದದ್ದು. ಆ ವ್ಯಾಪಾರವು ಅಮೆರಿಕದ ಬೇಸ್‌ಬಾಲಿನಲ್ಲಿ ವಿಶೇಷ ಸ್ಫುಟವಾಗಿ ಗೋಚರಿಸುತ್ತದೆ. ಒಂದೂವರೆ ಶತಮಾನದಿಂದ ಪ್ರತಿಯೊಂದು ಹೊಡೆತವನ್ನೂ ಲೆಕ್ಕವಿಟ್ಟುಕೊಂಡು ಬಂದಿರುವ ಆ ಆಟದಲ್ಲಿ ಒಬ್ಬನ ಸಾಧನೆ ಎಷ್ಟೆಂಬುದರ ಬಗ್ಗೆ ವಿವಾದಕ್ಕೆ ಆಸ್ಪದ ಕಡಿಮೆ. ವಿವಾದವೇಳುವುದಾದರೆ ಅದು ಮನುಷ್ಯನ ವಿಷಯವಾಗಿಯೇ ಏಳಬೇಕು.

ಪೀಟ್ ರೋಸ್‌ನ ವೃತ್ತಾಂತವನ್ನು ತೆಗೆದುಕೊಳ್ಳೋಣ. ಒಹಾಯೋ ನದಿಯ ದಡದ ಸಿನ್ಸಿನಾಟಿಯಲ್ಲಿ ಹುಟ್ಟಿ, ಆ ಊರಿನ ರೆಡ್ಸ್ ತಂಡದಲ್ಲಿಯೇ ಹೆಸರು ಗಳಿಸಿ, ಮೈಯನ್ನು ಮಣ್ಣಿಗೆಸೆದು ನೆಲೆ ಮುಟ್ಟುವ ತನ್ನ ಆಟದ ರೀತಿಯಿಂದ ದುಡಿಯುವ ಜನರ ಕಣ್ಮಣಿಯಾಗಿದ್ದ ಈತನು 1985ರ ಸೆಪ್ಟೆಂಬರ್ 11ರ ರಾತ್ರಿ, 47,237 ಜನರ ಸಮಕ್ಷಮದಲ್ಲಿ, ಸ್ಯಾನ್ ಡಿಯಾಗೋ ತಂಡದ ಎರಿಕ್ ಶೋ ಎಸೆದ ಚೆಂಡನ್ನು ಎಡಮಧ್ಯದ ಬಯಲಿಗೆ ಹೊಡೆದು, ಟೈ ಕಾಬ್‌ನ ಹೆಸರಿನಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ನಿಂತಿದ್ದ 4,191 ಹಿಟ್‌ಗಳ ದಾಖಲೆಯನ್ನು ದಾಟಿದನು. ಹಿಟ್ ಎಂದರೆ, ದಾಂಡಿಗನು ತಾನು ಹೊಡೆದ ಚೆಂಡಿನ ಬಲದಿಂದಲೇ, ಎದುರಾಳಿಗಳು ತನ್ನನ್ನು ಔಟ್ ಮಾಡುವುದಕ್ಕೆ ಮುನ್ನ, ಮೊದಲನೆಯ ನೆಲೆಯನ್ನಾದರೂ ಸುರಕ್ಷಿತವಾಗಿ ಸೇರುವುದು. ಆ ಹೊಡೆತ ಬಿದ್ದ ಮೇಲೆ ಆಟ ಮುಂದೆ ಸಾಗಲಿಲ್ಲ. ಸುಮಾರು ಏಳು ನಿಮಿಷ ಜನಸ್ತೋಮವು ನಿಂತೇ ಚಪ್ಪಾಳೆ ತಟ್ಟಿತು. ಬಹುಮಾನದ ಕೆಂಪು ಕಾರು ಬಯಲಿನೊಳಕ್ಕೆ ಬಂದಿತು. ಚೆಂಡೆಸೆದ ಶೋ ತನ್ನ ದಿಣ್ಣೆಯ ಮೇಲೆ ಕುಳಿತುಬಿಟ್ಟನು. ಮೊದಲ ನೆಲೆಯಲ್ಲಿ ನಿಂತಿದ್ದ ರೋಸ್ ತರಬೇತುದಾರನ ಹೆಗಲಿಗೆ ಮುಖವಾನಿಸಿ ಅತ್ತನು. ಹದಿನೈದು ವರ್ಷದ ಮಗನು ಬಂದು ತಂದೆಯನ್ನು ಅಪ್ಪಿಕೊಂಡನು. ಆ ಏಳು ನಿಮಿಷಗಳಲ್ಲಿ ಆಟಗಾರನಿಗೂ ಪ್ರೇಕ್ಷಕನಿಗೂ ಬಿದ್ದ ಗಂಟು ಮುಂದೆ ನಾಲ್ಕು ದಶಕಗಳ ಕಾಲ ಯಾವ ಸಾಕ್ಷ್ಯದಿಂದಲೂ ಸಡಿಲವಾಗಲಿಲ್ಲ.

ನಾಲ್ಕೇ ವರ್ಷಗಳಲ್ಲಿ ರೋಸ್ ಆಟದಿಂದ ಬಹಿಷ್ಕೃತನಾದನು. ತಾನೇ ವ್ಯವಸ್ಥಾಪಕನಾಗಿದ್ದ ತಂಡದ ಪಂದ್ಯಗಳ ಮೇಲೆ ಬಾಜಿ ಕಟ್ಟುತ್ತಿದ್ದನೆಂದು ಜಾನ್ ಡೌಡ್ ಎಂಬ ವಕೀಲರ ತನಿಖೆಯಿಂದ ಕಂಡುಬಂದುದರಿಂದ, 1989ರ ಆಗಸ್ಟ್ 24ರಂದು ಬೇಸ್‌ಬಾಲಿನ ಆಡಳಿತದ ಮುಖ್ಯಸ್ಥರಾದ ಕಮಿಷನರ್ ಬಾರ್ಟ್ ಜಿಯಾಮಾಟಿ ಅವನಿಗೆ ಶಾಶ್ವತ ನಿಷೇಧವನ್ನು ವಿಧಿಸಿದರು. ಮರುವರ್ಷ, ಆದಾಯದ ಸುಳ್ಳು ಲೆಕ್ಕ ಕೊಟ್ಟ ಅಪರಾಧವನ್ನು ಒಪ್ಪಿಕೊಂಡು ರೋಸ್ ಐದು ತಿಂಗಳ ಸೆರೆವಾಸವನ್ನೂ ಐವತ್ತು ಸಾವಿರ ಡಾಲರುಗಳ ದಂಡವನ್ನೂ ಅನುಭವಿಸಿದನು. ತೆರಿಗೆಯ ಈ ಅಪರಾಧವನ್ನು ಅಭಿಮಾನಿಗಳು ಬೇಗನೆ ಮರೆತರು. ಬಾಜಿಯ ವಿಷಯವನ್ನು ಮಾತ್ರ ಮರೆಯಲಿಲ್ಲ. ರೋಸ್ ನಿರಾಕರಿಸುತ್ತಿದ್ದಷ್ಟು ಕಾಲ ಅವರೂ ನಿರಾಕರಿಸಿದರು. 1999ರ ಅಕ್ಟೋಬರಿನಲ್ಲಿ, ಅಟ್ಲಾಂಟಾದಲ್ಲಿ ಶತಮಾನದ ಶ್ರೇಷ್ಠ ಆಟಗಾರರನ್ನು ಸನ್ಮಾನಿಸಿದ ರಾತ್ರಿ, ಟೆಲಿವಿಷನ್ನಿನ ವರದಿಗಾರ ಜಿಮ್ ಗ್ರೇ ಆ ಪ್ರಶ್ನೆಯನ್ನು ಬಿಡದೆ ಕೇಳಿದಾಗ, ದೇಶದ ಕೋಪವೆಲ್ಲ ತಿರುಗಿದ್ದು ಪ್ರಶ್ನೆ ಕೇಳಿದವನ ಮೇಲೆ. 2004ರಲ್ಲಿ ರೋಸ್ ತಾನು ಬಾಜಿ ಕಟ್ಟಿದ್ದು ನಿಜವೆಂದು ತನ್ನ ಪುಸ್ತಕದಲ್ಲಿಯೇ ಒಪ್ಪಿಕೊಂಡನು. ಆಗಲೂ ಸಿನ್ಸಿನಾಟಿಯ ಅಭಿಮಾನವು ಕುಂದಲಿಲ್ಲ. ‘ಅವನು ಮಾಡಲಿಲ್ಲ’ ಎಂದಿದ್ದವರು ‘ಮಾಡಿದರೇನಾಯಿತು, ತನ್ನ ತಂಡ ಗೆಲ್ಲಲೆಂದೇ ತಾನೆ ಕಟ್ಟಿದ್ದು’ ಎಂದರು. ಕಾರಣವು ಕುಸಿದುಬಿದ್ದ ಮೇಲೂ ನಿರ್ಣಯವು ಅಲುಗದೆ ನಿಂತಿತೆಂದ ಮೇಲೆ, ಆ ನಿರ್ಣಯವು ಮೊದಲಿನಿಂದಲೂ ಆ ಕಾರಣದ ಮೇಲೆ ನಿಂತಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಇದರಿಂದ, ಅಭಿಮಾನಿಯು ವಿವೇಕಹೀನನೆಂದೂ ಅವನಿಗೆ ನೀತಿಯ ಗೊಡವೆಯೇ ಇಲ್ಲವೆಂದೂ ತೀರ್ಮಾನಿಸುವವರುಂಟು. ಆ ತೀರ್ಮಾನವನ್ನು ನಾನು ಒಪ್ಪಲಾರೆ. ರೋಸ್‌ನನ್ನು ಕ್ಷಮಿಸಬೇಕೆಂದವರೂ ಕ್ಷಮಿಸಬಾರದೆಂದವರೂ ಮೂವತ್ತೈದು ವರ್ಷ ಹಗಲಿರುಳು ವಾದಿಸಿದ್ದು ನೀತಿಯ ಪ್ರಶ್ನೆಯನ್ನೇ. ಉಪೇಕ್ಷೆಯಿದ್ದಲ್ಲಿ ಅಷ್ಟು ಉತ್ಕಟವಾದ ವಾದ ಹುಟ್ಟುವುದಿಲ್ಲ. ನನ್ನ ಆಕ್ಷೇಪವು ಬೇರೆ. ಅಭಿಮಾನಿಯು ಅಪರಾಧದ ಗುರುತ್ವವನ್ನು ಅಳೆಯುವುದು ಅದರಿಂದ ತನಗಾದ ನೋವಿನಿಂದ. ಆಟಕ್ಕೆ ಬಗೆದ ದ್ರೋಹವು ತನಗೇ ಬಗೆದ ದ್ರೋಹವೆಂದು ಅವನಿಗೆ ತೋರುತ್ತದೆ. ಆಟದ ಹೊರಗಿನ ಮೂರನೆಯ ವ್ಯಕ್ತಿಗೆ ಆದ ಅನ್ಯಾಯವಾದರೋ ಅವನ ನೀತಿಪ್ರಜ್ಞೆಯ ಪರಿಧಿಯೊಳಕ್ಕೇ ಪ್ರವೇಶಿಸುವುದಿಲ್ಲ.

ಹಳೆಯದೊಂದು ಐತಿಹ್ಯವು ಈ ಮನೋಧರ್ಮವನ್ನು ಬಹು ಚೆನ್ನಾಗಿ ತೋರಿಸುತ್ತದೆ. ವರ್ಷದ ವಿಜೇತ ತಂಡವನ್ನು ನಿರ್ಧರಿಸುವ ವರ್ಲ್ಡ್ ಸೀರೀಸ್‌ನ 1919ರ ಪಂದ್ಯಗಳನ್ನು ಜೂಜುಕೋರರಿಂದ ಹಣ ಪಡೆದು ಸೋತರೆಂದು ಶಿಕಾಗೋದ ವೈಟ್ ಸಾಕ್ಸ್ ತಂಡದ ಎಂಟು ಮಂದಿಯ ಮೇಲೆ ಆರೋಪ ಬಂದಾಗ, ನ್ಯಾಯಾಲಯದ ಹೊರಗೆ ಹುಡುಗನೊಬ್ಬನು ಅವರಲ್ಲೊಬ್ಬನಾದ ಜೋ ಜ್ಯಾಕ್ಸನ್‌ನ ಎದುರು ನಿಂತು ಇದೆಲ್ಲ ಸುಳ್ಳೆಂದು ಹೇಳಿಬಿಡೆಂದು ಅಂಗಲಾಚಿದನಂತೆ. ಹಾಗೆ ನಡೆಯಲೇ ಇಲ್ಲವೆಂದು ಜ್ಯಾಕ್ಸನ್ ಹೇಳಿದ್ದನು. ಆದರೂ ಆ ಕಥೆ ನೂರು ವರ್ಷ ಬಾಳಿದೆ; ಪ್ರತಿಯೊಬ್ಬ ಅಭಿಮಾನಿಯೂ ಆ ಹುಡುಗನಲ್ಲಿ ತನ್ನನ್ನೇ ಕಂಡುಕೊಂಡದ್ದರಿಂದಲೇ ಅದು ಬಾಳಿತೆಂದು ನನ್ನ ನಂಬಿಕೆ. ಹುಡುಗನಿಗೆ ಬೇಕಾದದ್ದು ಸತ್ಯವಲ್ಲ, ಸಮಾಧಾನ. 1921ರ ಆಗಸ್ಟ್ 2ರಂದು ಜ್ಯೂರಿಯು ವಿಚಾರಣೆಗೊಳಗಾದ ಆಟಗಾರರೆಲ್ಲರೂ ನಿರ್ದೋಷಿಗಳೆಂದು ಸಾರಿದಾಗ ನ್ಯಾಯಾಲಯದ ಸಭಾಂಗಣವೇ ಜಯಘೋಷದಿಂದ ತುಂಬಿತು. ಜ್ಯೂರಿಯ ಸದಸ್ಯರು ಆಟಗಾರರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮರುದಿನ ಕಮಿಷನರ್ ಲ್ಯಾಂಡಿಸ್, ನ್ಯಾಯಾಲಯದ ತೀರ್ಪು ಏನೇ ಇರಲಿ, ಈ ಎಂಟು ಮಂದಿ ಮತ್ತೆಂದೂ ಆಡಕೂಡದೆಂದು ವಿಧಿಸಿದರು. ಪ್ರತಿಯೊಂದು ತಂಡದ ಉಡುಪಿನ ಕೊಠಡಿಯಲ್ಲಿಯೂ ಅಂಟಿಸಿರುವ ಇಪ್ಪತ್ತೊಂದನೆಯ ನಿಯಮದ ಹಿಂದಿರುವುದು ಆ ಕಾಲದ ಕಹಿ: ತನ್ನ ಪಾತ್ರವಿರುವ ಪಂದ್ಯದ ಮೇಲೆ ಬಾಜಿ ಕಟ್ಟಿದವನಿಗೆ ಶಾಶ್ವತ ನಿಷೇಧ. ಪಂದ್ಯದ ಫಲವು ಮೊದಲೇ ಮಾರಾಟವಾಗಿದೆಯೆಂಬ ಶಂಕೆ ಹುಟ್ಟಿದ ಮೇಲೆ ಆಟವೆಂಬುದೇ ಉಳಿಯದಾದ್ದರಿಂದ, ಈ ಕಾಠಿಣ್ಯವು ನ್ಯಾಯವಾದದ್ದೇ.

ಆದರೆ 2017ರಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಡೌಡ್ ಅವರ ಮೇಲೆ ರೋಸ್ ಹೂಡಿದ್ದ ಮಾನಹಾನಿಯ ದಾವೆಯಲ್ಲಿ ಒಬ್ಬ ಮಹಿಳೆಯ ಪ್ರಮಾಣಪೂರ್ವಕ ಹೇಳಿಕೆಯು ನ್ಯಾಯಾಲಯಕ್ಕೆ ಸಲ್ಲಿಕೆಯಾಯಿತು. 1970ರ ದಶಕದಲ್ಲಿ, ತನಗೆ ಹದಿನಾರು ತುಂಬುವುದಕ್ಕೆ ಮುನ್ನವೇ, ರೋಸ್ ತನ್ನೊಡನೆ ದೈಹಿಕ ಸಂಬಂಧ ಬೆಳೆಸಿದನೆಂದು ಆಕೆಯ ಹೇಳಿಕೆ. ಸಂಬಂಧವಿದ್ದುದನ್ನು ರೋಸ್ ಒಪ್ಪಿದನು. ಆಕೆಗೆ ಆಗ ಹದಿನಾರಾಗಿತ್ತೆಂಬುದು ಅವನ ವಾದ. ಅವನಿಗೆ ಆಗ ಮೂವತ್ತು ದಾಟಿತ್ತು, ಹೆಂಡತಿ ಮಕ್ಕಳಿದ್ದರು. ಕಾಲಮಿತಿ ಮೀರಿದ್ದರಿಂದ ಮೊಕದ್ದಮೆಯ ಮಾತೇ ಇರಲಿಲ್ಲ. ಅಭಿಮಾನಿಗಳು ಮತ ಹಾಕಿ ಅವನಿಗೆ ದೊರಕಿಸಿದ್ದ ಗೌರವವೊಂದನ್ನು, ಅವನು ಹಿಂದೆ ಆಡಿದ್ದ ಫಿಲಡೆಲ್ಫಿಯಾದ ತಂಡವು ಆಗ ರದ್ದುಪಡಿಸಿತು. ಐದು ವರ್ಷ ಕಳೆದ ಮೇಲೆ, 2022ರ ಆಗಸ್ಟ್ 7ರಂದು, 1980ರ ವಿಜೇತ ತಂಡದ ಪುನರ್ಮಿಲನಕ್ಕೆ ಅದೇ ತಂಡವು ಅವನನ್ನು ಆಹ್ವಾನಿಸಿತು. ಜನರು ಎದ್ದು ನಿಂತು ದೀರ್ಘ ಕರತಾಡನದಿಂದ ಬರಮಾಡಿಕೊಂಡರು. ಆ ದಿನ ಮಹಿಳಾ ವರದಿಗಾರರೊಬ್ಬರು ಈ ವಿಷಯವನ್ನೆತ್ತಿದಾಗ, ಅದು ಐವತ್ತೈದು ವರ್ಷದ ಹಿಂದಿನ ಮಾತೆಂದು, ಆಕೆಯನ್ನು ಸಲಿಗೆಯ ಸಂಬೋಧನೆಯಿಂದ ಕರೆದು ರೋಸ್ ತಳ್ಳಿಹಾಕಿದನು. ಪಂದ್ಯದ ಬಾಜಿಯ ಬಗ್ಗೆ ಮೂವತ್ತೈದು ವರ್ಷ ನಡೆದ ವಾದದ ಶತಾಂಶವೂ ಈ ಹುಡುಗಿಯ ಬಗ್ಗೆ ನಡೆಯಲಿಲ್ಲ. ರೋಸ್‌ನ ಪರ ವಹಿಸಿದವರೂ ವಿರೋಧಿಸಿದವರೂ ಒಂದು ವಿಷಯದಲ್ಲಿ ಏಕಾಭಿಪ್ರಾಯರಾಗಿದ್ದರು: ವಿಚಾರಣೆಗೆ ಅರ್ಹವಾದದ್ದು ಆಟಕ್ಕೆ ಸಂಬಂಧಪಟ್ಟದ್ದು ಮಾತ್ರ.

ಈ ಮೌನವು ಗತಕಾಲದ್ದೆಂದು ಸಮಾಧಾನಪಡುವಂತಿಲ್ಲ. 2015ರ ಅಕ್ಟೋಬರ್ 30ರ ರಾತ್ರಿ, ಗಂಟೆಗೆ ನೂರೈದು ಮೈಲಿ ವೇಗದಲ್ಲಿ ಚೆಂಡೆಸೆದು ದಾಖಲೆ ಸ್ಥಾಪಿಸಿದ್ದ ಪಿಚರ್ ಆರೋಲ್ಡಿಸ್ ಚ್ಯಾಪ್‌ಮನ್ ತನ್ನ ಸಂಗಾತಿಯ ಕುತ್ತಿಗೆ ಹಿಸುಕಿದನೆಂದೂ ಆಕೆಯನ್ನು ತಳ್ಳಿದನೆಂದೂ ಫ್ಲಾರಿಡಾದ ಪೊಲೀಸರಿಗೆ ದೂರು ಬಂದಿತು. ಮನೆಯ ಗ್ಯಾರೇಜಿನಲ್ಲಿ ಎಂಟು ಗುಂಡುಗಳು ಹಾರಿದ್ದುವು. ಗುಂಡು ಹಾರಿಸಿದ್ದನ್ನು ಅವನು ಒಪ್ಪಿಕೊಂಡನು, ಹಲ್ಲೆಯನ್ನು ನಿರಾಕರಿಸಿದನು. ಹೇಳಿಕೆಗಳು ಒಂದಕ್ಕೊಂದು ಹೊಂದದ್ದರಿಂದ ಮೊಕದ್ದಮೆ ದಾಖಲಾಗಲಿಲ್ಲ. ಕೌಟುಂಬಿಕ ಹಿಂಸೆಯ ಬಗ್ಗೆ ಲೀಗು ಆಗತಾನೆ ರೂಪಿಸಿದ್ದ ನಿಯಮದಂತೆ ಶಿಕ್ಷೆಗೊಳಗಾದ ಮೊದಲ ಆಟಗಾರ ಅವನು; ಶಿಕ್ಷೆ ಮೂವತ್ತು ಪಂದ್ಯಗಳ ಅಮಾನತು. ನ್ಯೂಯಾರ್ಕಿನ ಯಾಂಕೀಸ್ ತಂಡವು ಆ ಚಳಿಗಾಲದಲ್ಲಿಯೇ ಅವನನ್ನು ಪಡೆದುಕೊಂಡಿತ್ತು. ಪ್ರಸಂಗದ ಕಾರಣದಿಂದ ಬೆಲೆ ಇಳಿದಿತ್ತೆಂಬುದನ್ನು ಆ ತಂಡದ ಮುಖ್ಯ ವ್ಯವಸ್ಥಾಪಕನು ಮರೆಮಾಚಲಿಲ್ಲ. ಒಬ್ಬ ಹೆಣ್ಣುಮಗಳ ಭಯವು ವ್ಯಾಪಾರದಲ್ಲಿ ರಿಯಾಯಿತಿಯಾಗಿ ಪರಿಣಮಿಸಿತು. 2016ರ ಜುಲೈನಲ್ಲಿ ಶಿಕಾಗೋದ ಕಬ್ಸ್ ತಂಡವು ನಾಲ್ವರು ಆಟಗಾರರನ್ನು ಕೊಟ್ಟು ಅವನನ್ನು ಕೊಂಡಾಗ, ಎಸೆತದ ವೇಗ ತೋರುವ ಹಲಗೆಯ ಮೇಲೆ ನೂರರಾಚೆಯ ಅಂಕಿಗಳು ಮೂಡುತ್ತಿದ್ದಂತೆಯೇ ಆ ತಂಡದ ಅಂಗಣವಾದ ರಿಗ್ಲಿ ಫೀಲ್ಡ್ ಎದ್ದು ನಿಂತು ಕೂಗಿತು.

ಇಲ್ಲಿ ಅಭಿಮಾನಿಯ ಸಮರ್ಥನೆಯನ್ನು ಗೌರವದಿಂದಲೇ ಕೇಳಬೇಕು. ‘ಮೊಕದ್ದಮೆಯೇ ಇಲ್ಲದ ಮೇಲೆ ದೋಷವೆಲ್ಲಿಯದು? ಅಪರಾಧ ಸಿದ್ಧವಾಗುವವರೆಗೆ ಮನುಷ್ಯನು ನಿರಪರಾಧಿಯೆಂಬುದೇ ನ್ಯಾಯದ ಮೂಲತತ್ತ್ವವಲ್ಲವೆ?’ ತತ್ತ್ವವು ಅಮೂಲ್ಯವಾದದ್ದೇ, ಅದಕ್ಕಾಗಿ ಜನರು ಶತಮಾನಗಳ ಕಾಲ ಹೋರಾಡಿದ್ದಾರೆ. ಆದರೆ ಅದು ಹುಟ್ಟಿದ್ದು ಯಾತಕ್ಕಾಗಿ? ಒಬ್ಬ ಪ್ರಜೆಯನ್ನು ಸೆರೆಗೆ ತಳ್ಳುವ, ಅವನ ಆಸ್ತಿಯನ್ನೂ ಪ್ರಾಣವನ್ನೂ ಕಿತ್ತುಕೊಳ್ಳುವ ಪ್ರಭುತ್ವದ ಕೈಯನ್ನು ತಡೆಯುವುದಕ್ಕಾಗಿ. ಚಪ್ಪಾಳೆ ತಟ್ಟದಿರುವವನು ಯಾರನ್ನೂ ಸೆರೆಗೆ ಕಳುಹಿಸುವುದಿಲ್ಲ. ನ್ಯಾಯಾಲಯದ ಪ್ರಮಾಣವನ್ನು ತಂದು ಗೌರವದ ಪ್ರಶ್ನೆಗೆ ಹಚ್ಚುವುದು ಚಿನ್ನ ತೂಗುವ ತಕ್ಕಡಿಯಲ್ಲಿ ಸೌದೆ ತೂಗಹೊರಟಂತೆ. ನಮ್ಮ ಮನೆಯ ಮಗುವನ್ನು ಯಾರ ಕೈಗೊಪ್ಪಿಸಬೇಕು, ಯಾರೊಡನೆ ವ್ಯವಹಾರ ಮಾಡಬೇಕು ಎಂಬುದನ್ನು ನಾವು ನ್ಯಾಯಾಲಯದ ತೀರ್ಪಿಗಾಗಿ ಕಾಯ್ದು ನಿರ್ಧರಿಸುತ್ತೇವೆಯೆ? ಅಲ್ಲದೆ, ಈ ತತ್ತ್ವವನ್ನು ಪಠಿಸುವ ಅಭಿಮಾನಿಯು, ಎದುರುತಂಡದ ಆಟಗಾರನ ಮೇಲೆ ಇದೇ ಬಗೆಯ ಆರೋಪ ಬಂದಾಗ ಅದನ್ನು ಪಠಿಸುವುದು ಅಪರೂಪ. ಅಂಗಿಯ ಬಣ್ಣ ನೋಡಿ ಅನ್ವಯಿಸುವ ತತ್ತ್ವಕ್ಕೆ ತತ್ತ್ವವೆಂಬ ಹೆಸರು ಸಲ್ಲದು.

ಇದೇ ನ್ಯಾಯವು ಇನ್ನೊಂದು ಪಕ್ಷಕ್ಕೂ ಅನ್ವಯಿಸುತ್ತದೆ. ಆರೋಪದ ಸುದ್ದಿ ಕಿವಿಗೆ ಬಿದ್ದೊಡನೆ, ಸಾಕ್ಷ್ಯಕ್ಕೂ ಪ್ರತ್ಯುತ್ತರಕ್ಕೂ ಕಾಯದೆ, ಆಟಗಾರನ ದಾಖಲೆಗಳನ್ನೂ ಹೆಸರನ್ನೂ ಅಳಿಸಿಹಾಕಬೇಕೆಂದು ಕೂಗುವವನು, ಪ್ರಭುತ್ವಕ್ಕೂ ನಾವು ಕೊಡದ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಅವನಿಗೂ ಹಲವೊಮ್ಮೆ ನೊಂದ ವ್ಯಕ್ತಿಯ ಚಿಂತೆಗಿಂತ ತನ್ನ ಭಗ್ನವಾದ ಆದರ್ಶದ ಚಿಂತೆಯೇ ಹೆಚ್ಚು.

ಹಾಗಾದರೆ ಅಭಿಮಾನಿಯು ಮಾಡಬೇಕಾದದ್ದೇನು? ಆಟವನ್ನೇ ತ್ಯಜಿಸೆನ್ನುವುದು ಸುಲಭ; ಆ ಪ್ರೀತಿಯ ಆಳವನ್ನು ಅರಿಯದವರಿಗೆ ಇನ್ನೂ ಸುಲಭ. ಕಬ್ಸ್ ತಂಡವು 1908ರ ಅನಂತರ ಒಮ್ಮೆಯೂ ವರ್ಲ್ಡ್ ಸೀರೀಸನ್ನು ಗೆದ್ದಿರಲಿಲ್ಲ. 2016ರ ನವೆಂಬರ್ 2ರ ರಾತ್ರಿ ಅದು ಕ್ಲೀವ್‌ಲ್ಯಾಂಡಿನಲ್ಲಿ ಗೆದ್ದ ಮೇಲೆ, ಶಿಕಾಗೋದ ಜನರು ರಿಗ್ಲಿ ಫೀಲ್ಡಿನ ಇಟ್ಟಿಗೆಯ ಗೋಡೆಯ ಬಳಿಗೆ ಹೋಗಿ, ಗೆಲುವನ್ನು ಕಾಣದೆಯೇ ತೀರಿಕೊಂಡ ತಂದೆತಾಯಿಗಳ, ಅಜ್ಜ ಅಜ್ಜಿಯರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದರು. ಕೈ ನಿಲುಕುವಷ್ಟು ಎತ್ತರದವರೆಗೂ ಗೋಡೆ ತುಂಬಿಹೋಯಿತು. ಆ ಗೆಲುವಿನಲ್ಲಿ ಚ್ಯಾಪ್‌ಮನ್‌ನ ಪಾಲಿತ್ತೆಂಬ ಕಾರಣಕ್ಕಾಗಿ ಈ ಹೆಸರುಗಳನ್ನು ಬರೆದವರನ್ನು ದೂಷಿಸಲು ನನ್ನ ಮನಸ್ಸು ಒಪ್ಪದು. ನೂರೆಂಟು ವರ್ಷಗಳ ನಿರೀಕ್ಷೆ ಅವರದು. ಆ ಗೆಲುವಿಗಾಗಿ ಯಾರನ್ನು ಕೊಳ್ಳಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಆ ವರ್ಷವೇ, ಅದೇ ತಂಡದ ಅಭಿಮಾನಿಯಾದ ಮಹಿಳೆಯೊಬ್ಬರು ಕಂಡುಕೊಂಡ ಉಪಾಯವು ನನಗೆ ಅನೇಕ ಗ್ರಂಥಗಳಿಗಿಂತ ಹೆಚ್ಚು ಬೆಳಕು ಕೊಟ್ಟಿದೆ. ಚ್ಯಾಪ್‌ಮನ್ ಪಂದ್ಯವನ್ನು ಗೆಲುವಿನಲ್ಲಿ ಮುಗಿಸಿಕೊಟ್ಟಾಗಲೆಲ್ಲ, ಎಂದರೆ ಅವನ ಪ್ರತಿಯೊಂದು ‘ಸೇವ್’ಗೂ, ಕೌಟುಂಬಿಕ ಹಿಂಸೆಗೊಳಗಾದವರಿಗೆ ಕಾನೂನಿನ ನೆರವು ನೀಡುವ ಸಂಸ್ಥೆಗೆ ಹತ್ತು ಡಾಲರ್ ಕೊಡುವುದಾಗಿ ಆಕೆ ಸಂಕಲ್ಪಿಸಿದರು, ಕೇಳಿದವರು ಅನೇಕರು ಜೊತೆಗೂಡಿದರು. ಆ ಋತುವಿನ ಸಾಮಾನ್ಯ ಪಂದ್ಯಗಳಲ್ಲಿ ಕಬ್ಸ್ ಪರವಾಗಿ ಅವನು ಗಳಿಸಿದ ಸೇವ್‌ಗಳು ಹದಿನಾರು. ಮೊತ್ತವು ಇಲ್ಲಿ ಮುಖ್ಯವಲ್ಲ. ಆಕೆ ಅವನನ್ನು ಅಪರಾಧಿಯೆಂದು ಸಾರಲಿಲ್ಲ, ನಿರಪರಾಧಿಯೆಂದೂ ನಟಿಸಲಿಲ್ಲ. ತಂಡದ ಮೇಲಿನ ಪ್ರೀತಿಯನ್ನು ಬಿಡಲೂ ಇಲ್ಲ. ಕೂಗಾಟದಲ್ಲಿ ಎಲ್ಲರೂ ಮರೆತಿದ್ದ ಮೂರನೆಯ ವ್ಯಕ್ತಿಗೆ, ಹಾಗೂ ಅವಳಂಥ ಸಾವಿರಾರು ಹೆಣ್ಣುಮಕ್ಕಳಿಗೆ, ತಮ್ಮ ಸಂತೋಷದ ಲೆಕ್ಕದಲ್ಲಿಯೇ ಒಂದು ಸ್ಥಾನ ಕೊಟ್ಟರು. ತಮ್ಮ ಕರತಾಡನವು ತಮ್ಮದೇ ಕ್ರಿಯೆ, ಅದರ ಹೊಣೆಯೂ ತಮ್ಮದೇ ಎಂಬ ಅರಿವು ಆ ಹತ್ತು ಡಾಲರುಗಳಲ್ಲಿತ್ತು.

ರೋಸ್ 2024ರ ಸೆಪ್ಟೆಂಬರ್ 30ರಂದು ತೀರಿಕೊಂಡನು. 2025ರ ಮೇ ತಿಂಗಳಲ್ಲಿ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್, ನಿಷೇಧವು ಮರಣದೊಂದಿಗೆ ಮುಗಿಯುತ್ತದೆಂದು ವಿಧಿಸಿ, ರೋಸ್ ಮತ್ತು ಜ್ಯಾಕ್ಸನ್ ಸೇರಿದಂತೆ ಗತಿಸಿದವರ ಹೆಸರುಗಳನ್ನು ನಿಷೇಧಿತರ ಪಟ್ಟಿಯಿಂದ ತೆಗೆದುಹಾಕಿದರು. ಹೀಗಾಗಿ, ಶ್ರೇಷ್ಠ ಆಟಗಾರರನ್ನು ಗೌರವಿಸುವ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ನ ಆಯ್ಕೆಮಂಡಲಿಯ ಮುಂದೆ ರೋಸ್‌ನ ಹೆಸರು 2027ರ ಡಿಸೆಂಬರಿನಲ್ಲಿ ಬರಬಹುದು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಅವನ ಆಟದ ಕುರುಹುಗಳು ಈಗಾಗಲೇ ಇವೆ. 4,256 ಹಿಟ್‌ಗಳು ನಡೆದುಹೋದ ಸಂಗತಿ, ಅದನ್ನು ಯಾರೂ ಬಚ್ಚಿಟ್ಟಿಲ್ಲ, ಬಚ್ಚಿಡಲೂ ಬಾರದು. ಅಲ್ಲಿ ಆಯ್ಕೆಯಾದವರಿಗೆ ಸಲ್ಲುವ ಕಂಚಿನ ಫಲಕವು ಸಂಗತಿಯ ದಾಖಲೆಯಲ್ಲ, ಗೌರವ. ಆ ಗೌರವಕ್ಕೆ ಆಟದ ಸಾಮರ್ಥ್ಯದೊಡನೆ ಶೀಲವನ್ನೂ ಪರಿಗಣಿಸತಕ್ಕದ್ದೆಂದು ಆ ಸಂಸ್ಥೆಯ ನಿಯಮವೇ ಹೇಳುತ್ತದೆ. ಶೀಲವೆಂದರೆ ಬಾಜಿ ಕಟ್ಟಿದ್ದು ಮಾತ್ರವೆಂದು ಮಂಡಲಿಯು ಭಾವಿಸುವುದಾದರೆ, ಮೂವತ್ತೈದು ವರ್ಷಗಳ ವಾದವನ್ನು ಅದೇ ಅಪೂರ್ಣ ಸ್ಥಿತಿಯಲ್ಲಿ ಮುಗಿಸಿದಂತಾಗುತ್ತದೆ. ಆದ್ದರಿಂದ ಮತ ಹಾಕುವವರು ಬಾಜಿಯ ಚೀಟಿಗಳನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ 2017ರ ಆ ಹೇಳಿಕೆಯನ್ನೂ ಓದಬೇಕು. ಓದಿದ ಮೇಲೆ ಏನು ನಿರ್ಧರಿಸಿದರೂ, ಅದನ್ನು ಓದಿಯೇ ನಿರ್ಧರಿಸಿದೆವೆಂದು ಹೊರಗೆ ಬಂದು ಹೇಳಬೇಕೆಂದು ಸಿನ್ಸಿನಾಟಿಯ ಜನರು, ಅವನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರು, ತಾವೇ ಕೇಳಬೇಕು.