ಇಲ್ಲದ ಕೈಯ ನೋವು

ಕೃಷ್ಣೆ-ಭೀಮೆಯರ ನಡುವಣ ವಡಗೇರಾ ಸೀಮೆಯಲ್ಲಿ, ರಾಶಿಯ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡ ರೈತನೊಬ್ಬನನ್ನು ಭಾವಿಸಿಕೊಳ್ಳೋಣ. ಗಾಯ ಮಾಯ್ದಿದೆ. ಪ್ರಾತಃಕಾಲದಲ್ಲಿ ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕುಳಿತರೆ, ಪತ್ರೆಯನ್ನೇರಿಸಬೇಕಾದ ಬಲಗೈ ಇಲ್ಲ. ಆದರೂ ಆ ಇಲ್ಲದ ಕೈ ಮುಷ್ಟಿ ಬಿಗಿದು, ಉಗುರುಗಳು ಅಂಗೈಗೆ ನಾಟಿದಂತೆ ಉರಿಯುತ್ತದೆ. “ಇಲ್ಲದ ಕೈ ನೋಯುವುದೆಂತು? ಅದು ನಿನ್ನ ಭ್ರಮೆ” ಎನ್ನುವರು ಮನೆಯವರು. ವೇದಾಂತವನ್ನು ಅರ್ಧ ಕೇಳಿದ ನೆರೆಯವರು “ದೇಹವೇ ಮಿಥ್ಯೆ, ಸಹಿಸಿಕೋ” ಎನ್ನುವರು. ಅವನು ಬಾಯಿ ಮುಚ್ಚಿಕೊಳ್ಳುವನು. ನೋವು ಮಾತ್ರ ಸುಮ್ಮನಾಗದು.

ಇಂಥ ಮಾತು ಜ್ಞಾನವಲ್ಲ, ನಿರ್ದಯೆ. ಹಗ್ಗದಲ್ಲಿ ಕಂಡ ಹಾವು ಸುಳ್ಳಿರಬಹುದು. ಕಂಡವನ ಮೈಯ ಬೆವರು ಸುಳ್ಳಲ್ಲ. ಅಮೇರಿಕೆಯ ವೈದ್ಯ ಸೈಲಾಸ್ ವೇಯರ್ ಮಿಚೆಲ್ ಅವರು ತಮ್ಮ ನಾಡಿನ ಅಂತರ್ಯುದ್ಧದಲ್ಲಿ ಅಂಗಹೀನರಾದ ಯೋಧರ ಮಾತಿಗೆ ಕಿವಿಗೊಟ್ಟು, 1871ರಲ್ಲಿ ಇದನ್ನು ‘ಮಾಯದ ಅಂಗ’ವೆಂಬ ಅರ್ಥದ ಹೆಸರಿನಿಂದ ವಿವರಿಸಿದರು. ಕೈ ಹೋದರೂ ಮಿದುಳಿನಲ್ಲಿ ಕೈಯ ನೆಲೆ ಅಳಿಯದು. ಕಡಿದ ನರದ ತುದಿಯೂ ಸುಮ್ಮನಿರದು. ತಮಿಳುನಾಡಿನಲ್ಲಿ ಹುಟ್ಟಿದ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ರೋಗಿಯ ಮುಂದೆ ಕನ್ನಡಿ ನಿಲ್ಲಿಸಿ, ಇರುವ ಕೈಯ ಬಿಂಬವನ್ನು ಇಲ್ಲದ ಕೈಯ ಸ್ಥಾನದಲ್ಲಿ ಕಾಣಿಸಿದರು. ಇರುವ ಮುಷ್ಟಿ ಬಿಚ್ಚಿದಾಗ ಇಲ್ಲದ ಮುಷ್ಟಿಯೂ ಬಿಚ್ಚಿದಂತಾಗಿ ಕೆಲವರಿಗೆ ನೋವು ತಗ್ಗಿತು. ಎಲ್ಲರಿಗೂ ಫಲಿಸುವ ಉಪಾಯ ಇದಲ್ಲ, ಔಷಧವೂ ಬೇಕಾದೀತು. ಆದರೆ ರೋಗಿಯ ಮಾತನ್ನು ನಂಬದ ವೈದ್ಯನಿಗೆ ಕನ್ನಡಿ ಹಿಡಿಯಬೇಕೆಂಬ ಬುದ್ಧಿಯೇ ಹುಟ್ಟದು.

ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯನ್ನು ನಿಲ್ಲಿಸಿದೆ. ಆರ್ತರಲ್ಲಿ ಕಾರುಣ್ಯವನ್ನು ವೈದ್ಯವೃತ್ತಿಯೊಳಗೇ ಎಣಿಸಿದೆ. ಶರಣರ ಗಣದಲ್ಲಿಯೂ ವೈದ್ಯ ಸಂಗಣ್ಣನವರಿದ್ದರು. ರೋಗ-ಔಷಧಗಳ ಪರಿಭಾಷೆಯಲ್ಲಿಯೇ ಅವರು ಶಿವತತ್ತ್ವವನ್ನು ನುಡಿದರು. ಧರ್ಮದ ಬೇರನ್ನು ದಯೆಯಲ್ಲಿ ಕಂಡ ಬಸವಣ್ಣನವರ ಮಾರ್ಗದಲ್ಲಿ ವೈದ್ಯನ ಕಾಯಕವೂ ಲಿಂಗಪೂಜೆಯೇ ಸರಿ. ಆ ಪೂಜೆಗೆ ಮೊದಲ ಪತ್ರೆ, ರೋಗಿಯ ಮಾತಿನಲ್ಲಿ ವಿಶ್ವಾಸ.

ಆದುದರಿಂದ ವೈದ್ಯನು ನಾಡಿ ಹಿಡಿಯುವ ಮುನ್ನ ರೋಗಿಯ ಮಾತನ್ನು ಕೇಳಲಿ. ಮನೆಯವರು “ಭ್ರಮೆ” ಎನ್ನುವುದನ್ನು ಬಿಟ್ಟು “ಎಲ್ಲಿ ನೋಯುತ್ತದೆ?” ಎಂದು ವಿಚಾರಿಸಲಿ. ಇಲ್ಲದ ಬಲಗೈಯವನ ಪೂಜೆಗೆ ಮಗನೋ ಮಡದಿಯೋ ಪತ್ರೆಯನ್ನೇರಿಸಲಿ. ಕಾಣದ ಶಿವನನ್ನು ನಂಬಬಲ್ಲವನು ಕಾಣದ ನೋವನ್ನು ನಂಬಲಾರನೇ?