ಎಷ್ಟು ನನ್ನದು, ಎಷ್ಟು ಕೋಟಾದ್ದು?

ಹೋದ ವಾರ ಆಫೀಸಿನಲ್ಲಿ ಊಟ ಮಾಡ್ತಿದ್ದಾಗ ಗೆಳೆಯನೊಬ್ಬ ಕೇಳಿದ: "ನಿಂದು 371(ಜೆ) ಸೀಟು ಅಲ್ವಾ? ಅದಿಲ್ದಿದ್ರೆ ಸಿಗ್ತಿತ್ತಾ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ತುತ್ತು ಗಂಟಲಲ್ಲೇ ನಿಂತಿತು.

ನಮ್ಮೂರು ಕಮಲಾಪುರ. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಪಿಯುಸಿ ಓದಿದವನು ನಾನು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ, 2013ರಿಂದ, ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆ ಶೇ. 8. ಆ ಎಂಟರಲ್ಲಿ ಒಬ್ಬನಾಗಿ ಬೆಂಗಳೂರಿಗೆ ಬಂದೆ. ಹಾಗಾದರೆ ಈ ಕೆಲಸದಲ್ಲಿ ನನ್ನ ಓದು ಎಷ್ಟು, ಕೋಟಾ ಎಷ್ಟು?

ದ್ವಿತೀಯ ಪಿಯುಸಿಯ 'ದ್ರಾವಣಗಳು' ಪಾಠ ನೆನಪಿದೆಯಾ? ನೀರು ಕುದಿಯೋದು 100 ಡಿಗ್ರಿಗೆ, ಇಥನಾಲ್ 78.4ಕ್ಕೆ. ಬೆರಸಿ ಕಾಯಿಸಿದರೆ ಇಥನಾಲ್ ಮೊದಲು ಆವಿಯಾಗಿ ಬೇರೆಯಾಗಬೇಕು. ಆಗುತ್ತೆ, ತೂಕದಲ್ಲಿ ಶೇ. 95.6ರ ತನಕ. ಅಲ್ಲಿಂದ ಮುಂದೆ ಹೋಗಲ್ಲ. 78.2 ಡಿಗ್ರಿಯಲ್ಲಿ ಎರಡೂ ಸೇರಿ ಒಂದೇ ದ್ರವದ ಹಾಗೆ ಕುದಿಯುತ್ತವೆ. ದ್ರವದಲ್ಲಿ ಎಷ್ಟು ಪಾಲೋ ಆವಿಯಲ್ಲೂ ಅಷ್ಟೇ. ಎಷ್ಟು ಸಲ ಬಟ್ಟಿ ಇಳಿಸಿದರೂ ಅದೇ. ಇದಕ್ಕೇ ಅಝಿಯೋಟ್ರೋಪ್ ಅನ್ನೋದು. (ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಅಂತಷ್ಟೇ ಆಗ ಬಾಯಿಪಾಠ ಮಾಡಿದ್ದೆ.)

ನಾನೂ ಹಾಗೇ ಅಂತ ಹೇಳಿ ಪಾರಾಗಬಹುದಿತ್ತು. ಆದರೆ ಆ ಪಾಠದ ಹಿಂದೆ ಇನ್ನೊಂದು ಕಥೆ ಇದೆ. ಹೀಗೆ ಒಂದೇ ಪಾಲಿನಲ್ಲಿ ಕುದಿಯುವ ಆಮ್ಲ-ನೀರಿನ ಮಿಶ್ರಣಗಳನ್ನು ಒಂದೇ ಸಂಯುಕ್ತ ಅಂತಲೇ ತಿಳಿದವರಿದ್ದರು. 1860ರ ಸುಮಾರಿಗೆ ಹೆನ್ರಿ ರಾಸ್ಕೋ ಬೇರೆ ಬೇರೆ ಒತ್ತಡದಲ್ಲಿ ಕುದಿಸಿ ನೋಡಿದ. ಒತ್ತಡ ಬದಲಾದಾಗ ಪಾಲೂ ಬದಲಾಯಿತು. ಅಂದ್ರೆ ಅದು ಮಿಶ್ರಣವೇ. ಹಾಗಾಗಿ 'ಎಲ್ಲಾ ನನ್ನ ದುಡಿಮೆ' ಅಂತ ನಾನು ಹೇಳಿದರೆ ಸುಳ್ಳಾಗುತ್ತೆ. ಗೆಳೆಯ ಹೇಳಿದರೂ ಅಷ್ಟೇ. ಅವನ ಪಾತ್ರೆಯಲ್ಲಿ ಎರಡು ವರ್ಷದ ಕೋಚಿಂಗ್, ಮನೆಯಲ್ಲೇ ಇಂಗ್ಲಿಷು, ಸಿಇಟಿ ಆಪ್ಷನ್ ಎಂಟ್ರಿ ಕೂತು ಹೇಳಿಕೊಟ್ಟ ಅಪ್ಪ ಇದ್ದರು. ಅದಕ್ಕೆ ಯಾರೂ ಪ್ರಮಾಣಪತ್ರ ಕೊಡಲ್ಲ, ಅಷ್ಟೇ ವ್ಯತ್ಯಾಸ.

ಬೇರೆ ಮಾಡೋಕೆ ಆಗೋದೇ ಇಲ್ಲ ಅಂತಲ್ಲ. ಮೊದಲು ಬೆಂಜೀನ್ ಹಾಕಿ ನೀರು ತೆಗೆಯುತ್ತಿದ್ದರು. ಅದು ಕ್ಯಾನ್ಸರ್ ತರುವ ವಸ್ತು. ಈಗ ಹೆಚ್ಚಾಗಿ ನೀರನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ರಂಧ್ರಗಳ ಹರಳು ಬಳಸುತ್ತಾರೆ. ಪೆಟ್ರೋಲಿಗೆ ಬೆರೆಸೋ ಇಥನಾಲಿಗೆ ಹಾಗೆ ನೀರು ತೆಗೆಯಲೇಬೇಕು. ಗಾಯಕ್ಕೆ ಇಂಜೆಕ್ಷನ್ನಿಗೆ ಮುಂಚೆ ಒರೆಸೋ ಸ್ಪಿರಿಟ್ಟಿಗೆ ಮಾತ್ರ ನೀರು ಬೇಕು; ಶೇ. 70ರದ್ದು ಶುದ್ಧ ಆಲ್ಕೋಹಾಲಿಗಿಂತ ಚೆನ್ನಾಗಿ ಕ್ರಿಮಿ ಕೊಲ್ಲುತ್ತೆ. ಹಾಗಾಗಿ ಶುದ್ಧ ಬೇಕು ಅನ್ನೋರನ್ನ ಯಾತಕ್ಕೆ ಬೇಕು ಅಂತ ಕೇಳಬೇಕು. ನನಗೆ ಸೀಟು ಬಂದದ್ದರಿಂದ ಸೀಟು ತಪ್ಪಿದವನೊಬ್ಬ ಎಲ್ಲೋ ಇದ್ದಾನೆ. ಅವನು ಕೇಳಿದರೆ ನಾನು ತಲೆ ತಗ್ಗಿಸಿ ಕೂತು ಉತ್ತರ ಕೊಡ್ತೀನಿ. ಊಟದ ಟೇಬಲ್ಲಿನ ಕುತೂಹಲಕ್ಕೆ ಅಷ್ಟು ಋಣ ಇಲ್ಲ.

ಅವತ್ತು ಗೆಳೆಯನಿಗೆ, "ಸಿಗ್ತಿರ್ಲಿಲ್ಲ ಅನ್ಸುತ್ತೆ" ಅಂದೆ. ಅವನೂ ಸುಮ್ಮನಾದ.

ರಾತ್ರಿ ಊರಿಂದ ತಮ್ಮ ಫೋನ್ ಮಾಡಿದ. "ಅಣ್ಣಾ, 371(ಜೆ) ಸರ್ಟಿಫಿಕೇಟಿಗೆ ಅರ್ಜಿ ಹಾಕ್ಲೋ ಬ್ಯಾಡೋ? ಕೋಟಾದಾಗ ಬಂದಾನ ಅಂತ ಮಂದಿ ಆಡ್ಕೊಳ್ಳಲ್ಲೇನು?"

"ಆಡ್ಕೋತಾರ," ಅಂದೆ. "ನಾಳೇನೇ ಹೋಗಿ ಹಾಕು."